ಪರದೆಯ ಮುಂದೆ ಮೊಬೈಲ್ ಹಿಡಿಯಬೇಡಿ, ತಂತಿ ಎಳೆಯಿರಿ



ಈ ಪುಟದಲ್ಲಿ ಹಾಡು, ಹಬ್ಬ, ಅತಿಥಿಗಳ ವಿಷಯ ಬರೆಯುತ್ತಿದ್ದವಳು ಈ ಸಲ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಿರುವ ಒಂದು ಯಂತ್ರದ ಬಗ್ಗೆ ಬರೆಯಲು ಕೂತಿದ್ದೇನೆ. ಅದರ ಹೆಸರು ವಿಡಿಯೋ ಕ್ಯಾಪ್ಚರ್ ಕಾರ್ಡ್. ಕನ್ನಡ ಬಿ.ಎ. ಓದಿದವಳಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ನಗಬೇಡಿ. ಕಾರಣ ಇದೆ.

ಎರಡು ವರ್ಷದ ಹಿಂದೆ ಗ್ರೇಟರ್ ನೋಯ್ಡಾದ ಒಂದು ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಅಲ್ಲಿನ ಕನ್ನಡ ಕುಟುಂಬಗಳು ಸೇರಿ ರಾಜ್ಯೋತ್ಸವ ಮಾಡಿದ್ದವು. ಮಗನ ಮನೆಗೆಂದು ಹಾಸನದಿಂದ ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರು ಹಲ್ಮಿಡಿ ಶಾಸನದ ಬಗ್ಗೆ ಮಾತಾಡಿದರು. ಬೇಲೂರು ತಾಲ್ಲೂಕಿನ ಆ ಹಳ್ಳಿಯ ಕಲ್ಲು, ಕ್ರಿ.ಶ. ಸುಮಾರು 450ರದ್ದೆಂದು ವಿದ್ವಾಂಸರು ಹೇಳುತ್ತಾ ಬಂದಿರುವ ಹದಿನಾರು ಸಾಲು. ಮೇಷ್ಟ್ರು ಲ್ಯಾಪ್‌ಟಾಪಿನಲ್ಲಿ ಅದರ ದೊಡ್ಡ ಫೋಟೋ ಇಟ್ಟುಕೊಂಡು, ಮೌಸಿನ ಬಾಣವನ್ನು ಒಂದೊಂದೇ ಅಕ್ಷರದ ಮೇಲೆ ಓಡಿಸುತ್ತಾ, ಅದು ಇವತ್ತಿನ ನಮ್ಮ ಅಕ್ಷರ ಆಗಿದ್ದು ಹೇಗೆ ಎಂದು ತೋರಿಸಿದರು. ಕನ್ನಡ ಓದಲು ಬಾರದ ಮಕ್ಕಳು ಕೂಡ ಕುರ್ಚಿ ಬಿಟ್ಟು ಪರದೆಯ ಹತ್ತಿರ ಹೋಗಿ ನಿಂತಿದ್ದವು.

ನಾನು ಧ್ವನಿಯನ್ನು ಮಿಕ್ಸರ್‌ನಿಂದಲೇ ರೆಕಾರ್ಡ್ ಮಾಡಿದ್ದೆ. ಚಿತ್ರದ ವಿಷಯ ಕೇಳಿದಾಗ ಅಲ್ಲಿದ್ದ ಹುಡುಗನೊಬ್ಬ, "ಅಕ್ಕಾ, ಮೊಬೈಲ್ ಸಾಕು ಬಿಡಿ" ಅಂದ. ಸರಿ ಅಂದೆ. ಮನೆಗೆ ಬಂದು ನೋಡಿದರೆ ಪರದೆಯೆಲ್ಲ ಬರೀ ಬಿಳಿ, ಅದರ ಮೇಲೆ ಮೇಲಿಂದ ಕೆಳಕ್ಕೆ ಜಾರುವ ಬಣ್ಣದ ಪಟ್ಟೆಗಳು. ಬಾಣ ಕಾಣುವುದೇ ಇಲ್ಲ. "ಇಲ್ಲಿ ನೋಡಿ, ಈ ಕೊಂಡಿ ಇದೆಯಲ್ಲ" ಎಂದು ಮೇಷ್ಟ್ರ ದನಿ ಸ್ಪಷ್ಟವಾಗಿ ಹೇಳುತ್ತದೆ. ಎಲ್ಲಿ, ಯಾವ ಕೊಂಡಿ? ಗೊತ್ತಿಲ್ಲ. ಫೋನ್ ಮಾಡಿ ಹೇಳಿದಾಗ "ಮುಂದಿನ ವರ್ಷ ಮತ್ತೆ ಮಾಡೋಣ ಬಿಡಮ್ಮ" ಅಂದಿದ್ದರು. ಮುಂದಿನ ರಾಜ್ಯೋತ್ಸವದ ಹೊತ್ತಿಗೆ ಅವರಿರಲಿಲ್ಲ.

ರೇಡಿಯೋದವರಿಗೆ ಮೊದಲ ದಿನವೇ ಕಲಿಸುವ ಪಾಠ ಒಂದಿದೆ. ಸಭೆಯ ಭಾಷಣ ಬೇಕಿದ್ದರೆ ಸ್ಪೀಕರ್ ಪೆಟ್ಟಿಗೆಯ ಮುಂದೆ ಮೈಕ್ ಹಿಡಿಯಬೇಡ, ಮಿಕ್ಸರ್‌ನಿಂದ ಒಂದು ತಂತಿ ತೆಗೆದುಕೋ. ಧ್ವನಿಗೆ ಇದನ್ನು ತಪ್ಪದೆ ಮಾಡುವ ನಾನು ಚಿತ್ರಕ್ಕೆ ಮಾಡಲಿಲ್ಲ. ಕ್ಯಾಪ್ಚರ್ ಕಾರ್ಡ್ ಎಂದರೆ ಚಿತ್ರಕ್ಕೆ ಹಾಕುವ ಅಂಥದ್ದೇ ತಂತಿ.

ಮೊಬೈಲ್ ಸೋಲುವುದೇಕೆ? ಹಾಲ್ ಕತ್ತಲಾಗಿರುವುದರಿಂದ ಕ್ಯಾಮೆರಾ ಬೆಳಕು ಹೆಚ್ಚಿಸಿಕೊಳ್ಳುತ್ತದೆ, ಆಗ ಹೊಳೆಯುವ ಪರದೆ ಸುಟ್ಟು ಬಿಳಿಯಾಗುತ್ತದೆ. ಜೊತೆಗೆ ಎಷ್ಟೋ ಪ್ರೊಜೆಕ್ಟರ್‌ಗಳು ಕೆಂಪು, ಹಸಿರು, ನೀಲಿ ಬಣ್ಣಗಳನ್ನು ಒಟ್ಟಿಗೆ ಬಿಡುವುದಿಲ್ಲ, ಒಂದಾದ ಮೇಲೊಂದು ಅತಿ ವೇಗವಾಗಿ ಬಿಡುತ್ತವೆ. ನಮ್ಮ ಕಣ್ಣು ಅವನ್ನು ಕೂಡಿಸಿಕೊಳ್ಳುತ್ತದೆ, ಕ್ಯಾಮೆರಾಕ್ಕೆ ಅದು ಬರುವುದಿಲ್ಲ. ಪಟ್ಟೆಗಳ ಗುಟ್ಟು ಇಷ್ಟೇ.

"ಕಂಪ್ಯೂಟರ್ ಒಳಗೇ ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಇದೆಯಲ್ಲ?" ಎನ್ನಬಹುದು. ಇದೆ. ನಿಮ್ಮದೇ ಲ್ಯಾಪ್‌ಟಾಪ್ ಆದರೆ ಅದೇ ಸುಲಭ, ಕಾರ್ಡಿಗೆ ದುಡ್ಡು ಹಾಕಬೇಡಿ. ಆದರೆ ಸಭೆಗೆ ಬರುವ ಅತಿಥಿಯ ಲ್ಯಾಪ್‌ಟಾಪ್ ಅವರದು. ಭಾಷಣಕ್ಕೆ ಹತ್ತು ನಿಮಿಷ ಇರುವಾಗ ಅದರಲ್ಲಿ ಹೊಸ ಸಾಫ್ಟ್‌ವೇರ್ ಹಾಕುತ್ತೇವೆ ಎನ್ನುವುದು ಮರ್ಯಾದೆಯಲ್ಲ, ಹಳೆಯ ಯಂತ್ರವಾದರೆ ಆ ಭಾರಕ್ಕೆ ನಿಂತೂ ಹೋಗಬಹುದು. ಕಾರ್ಡ್ ಹೊರಗೇ ಇರುತ್ತದೆ. ಅತಿಥಿಯ ಕಂಪ್ಯೂಟರಿಗೆ ತನ್ನನ್ನು ಯಾರೋ ರೆಕಾರ್ಡ್ ಮಾಡುತ್ತಿದ್ದಾರೆಂದು ಗೊತ್ತೇ ಆಗುವುದಿಲ್ಲ. (ಅತಿಥಿಗೆ ಮಾತ್ರ ಗೊತ್ತಿರಬೇಕು, ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ.)

ಇದು ಕೆಲಸ ಮಾಡುವ ರೀತಿ ನನಗೆ ಬಹಳ ತಮಾಷೆ ಎನಿಸಿತು. ಯಾವುದೇ ಮಾನಿಟರನ್ನು ಎಚ್‌ಡಿಎಂಐ ತಂತಿಯಲ್ಲಿ ಜೋಡಿಸಿದ ಕೂಡಲೇ ಅದು ತನ್ನ ಪರಿಚಯ ಹೇಳಿಕೊಳ್ಳುತ್ತದೆ: ನಾನು ಇಷ್ಟು ಅಗಲ, ಇಷ್ಟು ಎತ್ತರ, ಸೆಕೆಂಡಿಗೆ ಇಷ್ಟು ಚಿತ್ರ ತೋರಿಸಬಲ್ಲೆ ಎಂದು. ಕ್ಯಾಪ್ಚರ್ ಕಾರ್ಡ್ ಕೂಡ ಹಾಗೇ ಹೇಳಿ, ತಾನೊಂದು ಮಾನಿಟರ್ ಎಂದು ನಂಬಿಸುತ್ತದೆ. ಕಂಪ್ಯೂಟರ್ ನಂಬಿ ಚಿತ್ರ ಕಳಿಸುತ್ತದೆ. ಇನ್ನೊಂದು ಕಡೆ, ರೆಕಾರ್ಡ್ ಮಾಡುವ ಎರಡನೇ ಕಂಪ್ಯೂಟರಿಗೆ ಯುಎಸ್‌ಬಿ ಮೂಲಕ, ತಾನೊಂದು ವೆಬ್‌ಕ್ಯಾಮ್ ಎಂದು ಹೇಳುತ್ತದೆ. ಎರಡೂ ಕಡೆ ವೇಷ! ಇದರಿಂದ ನಮಗೆ ಲಾಭವೂ ಇದೆ. ಹೆಚ್ಚಿನ ಕಾರ್ಡ್‌ಗಳಿಗೆ ಬೇರೆ ಡ್ರೈವರ್ ಬೇಡ, ವೆಬ್‌ಕ್ಯಾಮ್ ಒಪ್ಪುವ ಯಾವ ಸಾಫ್ಟ್‌ವೇರ್ ಆದರೂ ಸಾಕು. ನಾನು ಬಳಸುವುದು ಓಬಿಎಸ್ ಸ್ಟುಡಿಯೋ. 2012ರಲ್ಲಿ ಮೊದಲು ಬಂದದ್ದು, ಪೂರ್ತಿ ಉಚಿತ.

ಇನ್ನು ಕೊಳ್ಳುವ ಮಾತು. ಪರಿ ಚೌಕದಿಂದ ಅಕ್ವಾ ಲೈನ್ ಹತ್ತಿ ಸೆಕ್ಟರ್ 51ರಲ್ಲಿ ಇಳಿದು, ಸೆಕ್ಟರ್ 52ಕ್ಕೆ ನಡೆದು ಬ್ಲೂ ಲೈನ್, ಬೊಟಾನಿಕಲ್ ಗಾರ್ಡನ್‌ನಲ್ಲಿ ಮೆಜೆಂಟಾ, ಕಾಲ್ಕಾಜಿ ಮಂದಿರದಲ್ಲಿ ವೈಲೆಟ್ ಹಿಡಿದರೆ ಮುಂದಿನ ನಿಲ್ದಾಣವೇ ನೆಹರೂ ಪ್ಲೇಸ್. ಅಲ್ಲಿ ಅಂಗಡಿಯವರು ಮೊದಲು ತೋರಿಸುವುದು ಪೊಟ್ಟಣದ ಮೇಲೆ "4ಕೆ" ಎಂದು ದಪ್ಪಕ್ಷರದಲ್ಲಿ ಬರೆದಿರುವ ಅಗ್ಗದ ಕಾರ್ಡು. ಆ 4ಕೆ ಸಾಮಾನ್ಯವಾಗಿ ಒಳಗೆ ಬರುವ ಚಿತ್ರದ ಮಾತು, ರೆಕಾರ್ಡ್ ಆಗುವುದರದ್ದಲ್ಲ. ಲೆಕ್ಕ ನೋಡಿ. 1920 ಅಗಲ, 1080 ಎತ್ತರದ ಒಂದು ಚಿತ್ರದಲ್ಲಿ ಸುಮಾರು 20 ಲಕ್ಷದ 73 ಸಾವಿರ ಚುಕ್ಕಿಗಳು. ಒಂದೊಂದಕ್ಕೆ 24 ಬಿಟ್, ಸೆಕೆಂಡಿಗೆ 60 ಚಿತ್ರ ಎಂದರೆ ಸುಮಾರು 298 ಕೋಟಿ ಬಿಟ್. ಯುಎಸ್‌ಬಿ 2.0 ಕಾಗದದ ಮೇಲೆ ಸಾಗಿಸಬಲ್ಲದ್ದೇ 48 ಕೋಟಿ. ಹೊಳೆಯ ನೀರನ್ನು ನಲ್ಲಿಯಲ್ಲಿ ಬಿಡುವ ಕೆಲಸ ಇದು. ಹಾಗಾಗಿ ಕಾರ್ಡು ಪ್ರತಿ ಚಿತ್ರವನ್ನೂ ಹಿಂಡಿ ಚಿಕ್ಕದು ಮಾಡಿ ಕಳಿಸುತ್ತದೆ, ಎಷ್ಟೋ ಸಲ ಸೆಕೆಂಡಿಗೆ 30 ಮಾತ್ರ. ಯುಎಸ್‌ಬಿ 3.0 ಕಾರ್ಡಿಗೆ 500 ಕೋಟಿಯ ದಾರಿ ಇದೆ, ಬೆಲೆಯೂ ಅದಕ್ಕೆ ತಕ್ಕಂತೆ.

ನಮಗೆ ಎಷ್ಟು ಬೇಕು? ಸ್ಲೈಡ್ ಮತ್ತು ಮೌಸಿನ ಬಾಣಕ್ಕೆ 30 ಚಿತ್ರ ಧಾರಾಳ. ನಾನು ಅಗ್ಗದ್ದನ್ನೇ ತಂದೆ. ಒಂದು ಎಚ್ಚರಿಕೆ ಮಾತ್ರ: ಹೀಗೆ ಹಿಂಡುವಾಗ ಬೆಳಕಿಗಿಂತ ಬಣ್ಣದ ವಿವರ ಹೆಚ್ಚು ಕಳೆದುಹೋಗುತ್ತದೆ. ರಾಜ್ಯೋತ್ಸವ ಎಂದು ಅಭಿಮಾನದಿಂದ ಹಳದಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಅಕ್ಷರ ಹಾಕಿದರೆ ಮೊದಲು ಮಸುಕಾಗುವುದು ನಮ್ಮ ಒತ್ತಕ್ಷರಗಳೇ. ಬಿಳಿಯ ಮೇಲೆ ಕಪ್ಪು ಬರೆಯಲು ಅತಿಥಿಗಳಿಗೆ ಮೊದಲೇ ತಿಳಿಸಿ. ಹಾಗೆ ನೋಡಿದರೆ ನಾವು ಪುಣ್ಯವಂತರು. ಹಿಂದಿನ ಟಿ.ವಿ. ಟ್ಯೂನರ್ ಕಾರ್ಡುಗಳ ಹಳದಿ ತಂತಿಯಲ್ಲಿ ಚಿತ್ರದ ಎತ್ತರ 576 ಗೆರೆ ಮಾತ್ರ. ಅದರಲ್ಲಿ ಒತ್ತಕ್ಷರವಿರಲಿ, ಅಕ್ಷರವೇ ಕಷ್ಟ.

ಜೋಡಿಸುವುದು ಹೀಗೆ. ಅತಿಥಿಯ ಲ್ಯಾಪ್‌ಟಾಪಿನಿಂದ ಬರುವ ಎಚ್‌ಡಿಎಂಐ ತಂತಿಯನ್ನು ಒಂದು ಸ್ಪ್ಲಿಟ್ಟರ್‌ಗೆ ಕೊಡಿ. ಅದರ ಒಂದು ಬಾಯಿಂದ ಪ್ರೊಜೆಕ್ಟರಿಗೆ, ಇನ್ನೊಂದರಿಂದ ಕಾರ್ಡಿಗೆ. ಕಾರ್ಡು ನಿಮ್ಮ ಲ್ಯಾಪ್‌ಟಾಪಿಗೆ. ರೆಕಾರ್ಡ್ ಮಾಡುವ ಲ್ಯಾಪ್‌ಟಾಪಿನಿಂದ ಪ್ರೊಜೆಕ್ಟರಿಗೆ ಚಿತ್ರ ಕೊಡಲು ಹೋಗಬೇಡಿ, ಕಾರ್ಡು ದಾಟುವಾಗ ಚಿತ್ರ ಸ್ವಲ್ಪ ತಡವಾಗುತ್ತದೆ, ಬಾಣ ಕೈಗಿಂತ ಹಿಂದೆ ಓಡಿ ಭಾಷಣಕಾರರಿಗೆ ಕಿರಿಕಿರಿ. ಪ್ರೊಜೆಕ್ಟರ್ ಹಳೆಯದಾಗಿ 1024ಕ್ಕೆ 768 ಮಾತ್ರ ತೋರಿಸುವಂಥದ್ದಾದರೆ ಸ್ಪ್ಲಿಟ್ಟರ್ ಎರಡಕ್ಕೂ ಅದೇ ಅಳತೆ ಕೊಡಬಹುದು, ಗಾಬರಿ ಬೇಡ, ಶಾಸನ ಓದಲು ಅದೂ ಸಾಕು. ಲ್ಯಾಪ್‌ಟಾಪಿನಲ್ಲಿ ನೀಲಿ ಬಣ್ಣದ ಹದಿನೈದು ತೂತಿನ ವಿಜಿಎ ಮಾತ್ರ ಇದ್ದರೆ ಬರೀ ತಂತಿ ಸಾಲದು, ಎಚ್‌ಡಿಎಂಐಗೆ ಬದಲಿಸುವ ಕನ್ವರ್ಟರ್ ಬೇಕು.

ಯಾರಾದರೂ ಸಿನಿಮಾ ತುಣುಕು ತೋರಿಸಿದಾಗ ನಿಮ್ಮ ಕಡೆ ಪರದೆ ಪೂರ್ತಿ ಕಪ್ಪಾಗಬಹುದು. ಕಾರ್ಡು ಕೆಟ್ಟಿಲ್ಲ. ಎಚ್‌ಡಿಸಿಪಿ ಎಂಬ ನಕಲು ತಡೆಯುವ ಬೀಗ ಅದು. ಅದನ್ನು ಒಡೆಯುವ ಉಪಾಯ ನನ್ನನ್ನು ಕೇಳಬೇಡಿ.

ಧ್ವನಿಯ ವಿಷಯದಲ್ಲಿ ನನ್ನ ಮಾತು ಕೇಳಿ, ಹೊಟ್ಟೆಪಾಡು ಅದೇ ಆಗಿದೆ. ಕಾರ್ಡಿನ ಧ್ವನಿಯನ್ನು ನಂಬಬೇಡಿ. ಅಗ್ಗದ ಕೆಲವು ಕಾರ್ಡುಗಳು ಎಡ-ಬಲ ಎರಡು ಧ್ವನಿಗಳನ್ನೂ ಬೆರೆಸಿ ಒಂದೇ ಎಂದು ಕಳಿಸಿ ಕಿವಿ ಕೆಡಿಸುತ್ತವೆ. ಭಾಷಣವನ್ನು ಮಿಕ್ಸರ್‌ನಿಂದ ಬೇರೆ ರೆಕಾರ್ಡರ್‌ಗೆ ತೆಗೆದುಕೊಳ್ಳಿ. ಮೊದಲ ಸ್ಲೈಡ್ ಬದಲಾಗುವ ಕ್ಷಣಕ್ಕೆ ಸರಿಯಾಗಿ ಮೈಕ್ ಹತ್ತಿರ ಒಂದು ಚಪ್ಪಾಳೆ ತಟ್ಟಿ. ಆಮೇಲೆ ಚಪ್ಪಾಳೆಯ ಸದ್ದನ್ನು ಸ್ಲೈಡಿನ ಬದಲಾವಣೆಗೆ ಹೊಂದಿಸಿದರೆ ಎರಡೂ ಕೂಡಿಕೊಳ್ಳುತ್ತವೆ.

ಕೊನೆಗೆ ಕರೆಂಟು. ಕರೆಂಟ್ ಹೋಗಿ ಜನರೇಟರ್ ಬರುವಷ್ಟರಲ್ಲಿ ಸ್ಪ್ಲಿಟ್ಟರ್, ಪ್ರೊಜೆಕ್ಟರ್ ಎರಡೂ ಆರಿರುತ್ತವೆ. ನಿಮ್ಮ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿರಲಿ. ಓಬಿಎಸ್‌ನಲ್ಲಿ ಫೈಲನ್ನು ಎಂಕೆವಿ ರೂಪದಲ್ಲಿ ಉಳಿಸಿ. ಸಾಮಾನ್ಯ ಎಂಪಿ4 ಫೈಲು ಸರಿಯಾಗಿ ಮುಚ್ಚುವ ಮೊದಲೇ ಯಂತ್ರ ನಿಂತರೆ ಇಡೀ ಭಾಷಣವೇ ತೆರೆಯದೆ ಹೋಗಬಹುದು, ಎಂಕೆವಿಯಲ್ಲಿ ಅಲ್ಲಿಯವರೆಗಿನದು ಉಳಿಯುತ್ತದೆ. ಸ್ಲೈಡುಗಳಿಗೆ ಸೆಕೆಂಡಿಗೆ 40 ಲಕ್ಷ ಬಿಟ್ ಇಟ್ಟರೆ ಒಂದು ಗಂಟೆಗೆ 1.8 ಜಿಬಿ ಆಗುತ್ತದೆ.

ಕಳೆದ ರಾಜ್ಯೋತ್ಸವದಲ್ಲಿ ಮೇಷ್ಟ್ರ ಮಗ ತಂದೆಯ ಲ್ಯಾಪ್‌ಟಾಪ್ ತಂದಿದ್ದರು. ಅದೇ ಸ್ಲೈಡುಗಳನ್ನು ಕಾರ್ಡಿನಲ್ಲಿ ಸ್ವಚ್ಛವಾಗಿ ತೆಗೆದುಕೊಂಡು, ಹಳೆಯ ಧ್ವನಿಗೆ ಹೊಂದಿಸಲು ಇಬ್ಬರೂ ಕೂತೆವು. ಸ್ಲೈಡ್ ಯಾವುದು ಎಂದು ಮಾತಿನಿಂದ ತಿಳಿಯುತ್ತದೆ. ಬಾಣ ಎಲ್ಲಿತ್ತು ಎಂಬುದು ತಿಳಿಯುವುದಿಲ್ಲ. ಹನ್ನೊಂದು ಕಡೆ "ಇಲ್ಲಿ ನೋಡಿ" ಎನ್ನುತ್ತಾರೆ, ನಾಲ್ಕನ್ನು ಊಹಿಸಿದೆವು, ಏಳು ಹಾಗೇ ಉಳಿದಿವೆ. ಆ ಸಂಜೆ ಹಾಲ್‌ನಲ್ಲಿದ್ದ ನಿಮ್ಮಲ್ಲಿ ಯಾರಾದರೂ ಮುಂದಿನ ಸಾಲಿನಿಂದ ಮೊಬೈಲಿನಲ್ಲಿ ತೆಗೆದಿದ್ದರೆ, ಎಷ್ಟೇ ಮಸುಕಾಗಿರಲಿ, ಅಳಿಸಬೇಡಿ. ನಮ್ಮ ಕನ್ನಡ ಕಾರ್ಯಕ್ರಮದ ವಿಳಾಸಕ್ಕೆ ಒಂದು ಸಾಲು ಬರೆಯಿರಿ, ನಾನೇ ಬಂದು ಪಡೆದುಕೊಳ್ಳುತ್ತೇನೆ.