ಡೈವ್ ಕಂಪ್ಯೂಟರಿನ ನಿಸ್ತಂತು ಸಂಪರ್ಕ: ದೋಷ ಪತ್ತೆ ಮತ್ತು ಪರಿಹಾರ

ನಮ್ಮ ಕರಾವಳಿಯಲ್ಲಿ ಮೀನುಗಾರಿಕೆ, ಉಪ್ಪು, ಹಂಚು ಇವು ಹಳೆಯ ಉದ್ಯಮಗಳು. ಇವುಗಳ ಸಾಲಿಗೆ ಸ್ಕೂಬಾ ಡೈವಿಂಗ್ ಕೂಡ ಸೇರಿದೆ. ಅಂಕೋಲಾ ತಾಲೂಕಿನ ಭಾವಿಕೇರಿಯಿಂದ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೊರಟು ಕುಮಟಾ, ಹೊನ್ನಾವರಗಳನ್ನು ದಾಟಿದರೆ ಮುರ್ಡೇಶ್ವರ ಸಿಗುತ್ತದೆ. ಅಲ್ಲಿಂದ ಸುಮಾರು 19 ಕಿ.ಮೀ. ದೂರದ ನೇತ್ರಾಣಿ ದ್ವೀಪದ ಸುತ್ತ ಮಳೆಗಾಲ ಕಳೆದ ಮೇಲೆ ಪ್ರವಾಸಿಗರು ಸಮುದ್ರಕ್ಕೆ ಇಳಿಯುತ್ತಾರೆ. ದೋಣಿ, ಸಿಲಿಂಡರ್, ಏರ್ ಕಂಪ್ರೆಸರ್, ವಸತಿ, ಊಟ ಹೀಗೆ ಅನೇಕ ಸಣ್ಣ ವ್ಯವಹಾರಗಳು ಇದನ್ನು ಅವಲಂಬಿಸಿವೆ. ಈ ಉದ್ಯಮದ ಒಂದು ಮುಖ್ಯ ಸಾಧನ ಮಣಿಕಟ್ಟಿಗೆ ಕಟ್ಟುವ ಡೈವ್ ಕಂಪ್ಯೂಟರ್. ಇದರ ನಿಸ್ತಂತು ಸಂಪರ್ಕ ಕೈಕೊಟ್ಟಾಗ ಏನು ಮಾಡಬೇಕು ಮತ್ತು ಏನು ಮಾಡಬಾರದು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

ಕಿರ್ದಿ ಮತ್ತು ಖಾತೆ

ಮುಳುಗುವವನ ಶರೀರವು ಒತ್ತಡದಲ್ಲಿರುವ ಗಾಳಿಯಿಂದ ಸಾರಜನಕವನ್ನು ಹೀರಿಕೊಳ್ಳುತ್ತದೆ. ಆತ ಅವಸರದಿಂದ ಮೇಲೆ ಬಂದರೆ ಆ ಸಾರಜನಕವು ಗುಳ್ಳೆಗಳಾಗಿ ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಅಪಾಯ ತರಬಲ್ಲದು. ಡೈವ್ ಕಂಪ್ಯೂಟರ್ ಆಳ ಮತ್ತು ಸಮಯವನ್ನು ಕ್ಷಣಕ್ಷಣಕ್ಕೂ ಅಳೆದು, ಶರೀರದಲ್ಲಿ ಉಳಿದಿರುವ ಸಾರಜನಕವನ್ನು ಲೆಕ್ಕ ಹಾಕಿ, ಇನ್ನೆಷ್ಟು ನಿಮಿಷ ಕೆಳಗಿರಬಹುದು ಎಂಬುದನ್ನು ತೋರಿಸುತ್ತದೆ.

ಈ ಲೆಕ್ಕವೆಲ್ಲ ಸಾಧನದ ಒಳಗೇ ನಡೆಯುತ್ತದೆ. ಅದಕ್ಕೆ ಫೋನಿನ ನೆರವು ಬೇಡ. ದಡಕ್ಕೆ ಬಂದ ಮೇಲೆ ಅದೇ ದಾಖಲೆಯನ್ನು ಬ್ಲೂಟೂತ್ ಮೂಲಕ ಫೋನಿಗೆ ಇಳಿಸಿಕೊಳ್ಳುತ್ತೇವೆ. ವ್ಯಾಪಾರಿಗಳ ಮಾತಿನಲ್ಲಿ ಹೇಳುವುದಾದರೆ ಸಾಧನವು ಕಿರ್ದಿ, ಫೋನು ಖಾತೆ ವಹಿ. ಖಾತೆಗೆ ನಮೂದು ಏರಲಿಲ್ಲವೆಂದ ಮಾತ್ರಕ್ಕೆ ಕಿರ್ದಿಯ ಬರಹ ಅಳಿಸಿಹೋಗುವುದಿಲ್ಲ. ಆದರೆ ಸಾಧನದ ಸ್ಮರಣೆಗೆ ಮಿತಿಯಿದೆ. ಅದು ತುಂಬಿದಾಗ ಹಳೆಯ ದಾಖಲೆಯ ಮೇಲೆ ಹೊಸದು ಬರೆಯಲ್ಪಡುತ್ತದೆ. ಆದುದರಿಂದ ಅವಸರವೂ ಬೇಡ, ಉದಾಸೀನವೂ ಸಲ್ಲದು.

ಎರಡು ಬಗೆಯ ನಿಸ್ತಂತು

ದೋಷವನ್ನು ಹುಡುಕುವ ಮೊದಲು, ಕೆಟ್ಟಿರುವುದು ಯಾವ ಸಂಪರ್ಕ ಎಂಬುದನ್ನು ಗುರುತಿಸಬೇಕು. ಸಾಧನಕ್ಕೂ ಫೋನಿಗೂ ನಡುವಿನ ಬ್ಲೂಟೂತ್ 2.4 ಗಿಗಾಹರ್ಟ್ಸ್ ಕಂಪನಾಂಕದ್ದು. ಉಪ್ಪುನೀರು ಈ ತರಂಗವನ್ನು ಕೆಲವೇ ಸೆಂಟಿಮೀಟರಿನೊಳಗೆ ಹೀರಿಬಿಡುತ್ತದೆ. ಹೀಗಾಗಿ ಇದು ನೀರಿನ ಮೇಲೆ ಮಾತ್ರ ನಡೆಯುವ ವ್ಯವಹಾರ. ಎರಡನೆಯದು ಸಿಲಿಂಡರಿನ ರೆಗ್ಯುಲೇಟರಿಗೆ ಜೋಡಿಸಿದ ಪುಟ್ಟ ಟ್ರಾನ್ಸ್‌ಮಿಟರ್. ಇದು ಉಳಿದ ಗಾಳಿಯ ಒತ್ತಡವನ್ನು ನೀರಿನಡಿಯಲ್ಲೇ ಮಣಿಕಟ್ಟಿಗೆ ತಿಳಿಸುತ್ತದೆ. ಹೆಚ್ಚಿನ ತಯಾರಕರು ಇದಕ್ಕೆ ಅತಿ ಕಡಿಮೆ ಕಂಪನಾಂಕದ ರೇಡಿಯೋ ತರಂಗವನ್ನು ಬಳಸುತ್ತಾರೆ; ಗಾರ್ಮಿನ್ ಸಂಸ್ಥೆ ಶಬ್ದತರಂಗವನ್ನು ಬಳಸುತ್ತದೆ. ಬ್ಲೂಟೂತ್ ಕೆಟ್ಟರೆ ಅದು ಬರಿಯ ಅನಾನುಕೂಲ. ಎರಡನೆಯದು ಕೆಟ್ಟರೆ ಉಸಿರಿನ ಪ್ರಶ್ನೆ.

ಫೋನಿಗೆ ಸಂಪರ್ಕ ದೊರೆಯದಿದ್ದಾಗ

ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮಾಡಿ, ಖರ್ಚಿನವನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು. ಕೆಳಗಿನ ಅನುಕ್ರಮವನ್ನು ಪಾಲಿಸಬಹುದು:

1. ಸಾಧನವನ್ನು ಸಿಹಿನೀರಿನಲ್ಲಿ ತೊಳೆದು ಚೆನ್ನಾಗಿ ಒರೆಸಿರಿ. ಹಲವು ಮಾದರಿಗಳಲ್ಲಿ ನೀರನ್ನು ಗುರುತಿಸುವ ಲೋಹದ ಬಿಂದುಗಳಿರುತ್ತವೆ. ಅಲ್ಲಿ ತೇವ ಅಥವಾ ಉಪ್ಪಿನ ಪದರ ಉಳಿದರೆ ಸಾಧನವು ತಾನಿನ್ನೂ ನೀರಿನಲ್ಲಿರುವೆನೆಂದು ಭಾವಿಸಿ ಬ್ಲೂಟೂತನ್ನು ತೆರೆಯುವುದೇ ಇಲ್ಲ.

2. ಬ್ಯಾಟರಿಯ ಮಟ್ಟವನ್ನು ನೋಡಿರಿ. ಬ್ಲೂಟೂತ್ ಹೆಚ್ಚು ವಿದ್ಯುತ್ ಬೇಡುತ್ತದೆ. ಸಮಯ ತೋರಿಸಲು ಸಾಕಾಗುವ ಬ್ಯಾಟರಿಯು ದಾಖಲೆ ಕಳುಹಿಸಲು ಸಾಲದೆ ಅರ್ಧದಲ್ಲೇ ಸಂಪರ್ಕ ಕಡಿಯಬಹುದು.

3. ಸಾಧನದ ಪಟ್ಟಿಯಲ್ಲಿ ಬ್ಲೂಟೂತನ್ನು ನೀವೇ ತೆರೆಯಬೇಕಾಗಬಹುದು. ವಿದ್ಯುತ್ ಉಳಿಸಲು ಅದು ಕೆಲವು ನಿಮಿಷಗಳಲ್ಲಿ ತಾನಾಗಿ ಮುಚ್ಚಿಕೊಳ್ಳುತ್ತದೆ.

4. ಇತ್ತೀಚಿನ ಹೆಚ್ಚಿನ ಮಾದರಿಗಳನ್ನು ಫೋನಿನ ಸೆಟ್ಟಿಂಗ್ಸ್‌ನಿಂದಲ್ಲ, ತಯಾರಕರ ಆ್ಯಪ್‌ನ ಒಳಗಿನಿಂದಲೇ ಜೋಡಿಸಬೇಕು.

5. ಅನುಮತಿಗಳನ್ನು ಪರಿಶೀಲಿಸಿರಿ. ಆಂಡ್ರಾಯ್ಡ್ 6ರಿಂದ 11ರವರೆಗಿನ ಫೋನುಗಳಲ್ಲಿ ಸ್ಥಳದ ಅನುಮತಿ ಕೊಡದಿದ್ದರೆ ಸಾಧನ ಕಾಣಿಸುವುದಿಲ್ಲ. 2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದ ಸಮೀಪದ ಸಾಧನಗಳಿಗೆಂದೇ ಬೇರೆ ಅನುಮತಿ ಇದೆ. ಐಫೋನಿನಲ್ಲಿ ಪ್ರತಿ ಆ್ಯಪ್‌ಗೂ ಬ್ಲೂಟೂತ್ ಅನುಮತಿ ಬೇಕು.

6. ಬೇರೊಂದು ಫೋನು ಸಂಪರ್ಕವನ್ನು ಹಿಡಿದುಕೊಂಡಿದೆಯೇ ಎಂದು ನೋಡಿರಿ. ಸಾಧನವು ಒಂದು ವೇಳೆಗೆ ಒಬ್ಬರೊಡನೆ ಮಾತ್ರ ಮಾತನಾಡುತ್ತದೆ. ಡೈವಿಂಗ್ ಕೇಂದ್ರಗಳಲ್ಲಿ ಕಚೇರಿಯ ಟ್ಯಾಬ್ಲೆಟ್ ಮೊದಲೇ ಜೋಡಿಸಿಕೊಂಡಿದ್ದರೆ ಗ್ರಾಹಕರ ಫೋನಿಗೆ ಅದು ಸಿಗದು.

7. ಇಷ್ಟಕ್ಕೂ ಆಗದಿದ್ದರೆ ಹಳೆಯ ಜೋಡಣೆಯನ್ನು ಫೋನು ಮತ್ತು ಸಾಧನ ಎರಡರಿಂದಲೂ ಅಳಿಸಿ, ಫೋನನ್ನು ಮುಚ್ಚಿ ತೆರೆದು, ಹೊಸದಾಗಿ ಜೋಡಿಸಿರಿ. ಒಂದೇ ಕಡೆ ಅಳಿಸಿದರೆ ದೋಷ ಹಾಗೆಯೇ ಉಳಿಯುತ್ತದೆ.

ಯುಎಸ್‌ಬಿ ಕೇಬಲ್ ಇರುವ ಮಾದರಿಯಾದರೆ ಅದೂ ಒಂದು ದಾರಿ. ಲಿನಕ್ಸ್‌ನ ಜನಕ ಲೀನಸ್ ಟೋರ್ವಾಲ್ಡ್ಸ್ 2011ರಲ್ಲಿ ಆರಂಭಿಸಿದ ಸಬ್‌ಸರ್ಫೇಸ್ ಎಂಬ ಉಚಿತ ತಂತ್ರಾಂಶವು ಅನೇಕ ತಯಾರಕರ ಸಾಧನಗಳಿಂದ ದಾಖಲೆ ಇಳಿಸಿಕೊಳ್ಳಬಲ್ಲದು. ಇದರಲ್ಲಿ ದಾಖಲೆ ಬಂದರೆ ಸಾಧನದ ದಾಖಲೆ ಸರಿಯಿದೆ, ದೋಷ ಆ್ಯಪ್‌ನಲ್ಲಿ ಅಥವಾ ಬ್ಲೂಟೂತ್ ಸಂಪರ್ಕದಲ್ಲಿ ಇರಬಹುದು ಎಂದು ತಿಳಿಯಬಹುದು.

ಒತ್ತಡದ ಅಂಕಿ ಕಾಣದಿದ್ದಾಗ

ಟ್ರಾನ್ಸ್‌ಮಿಟರ್ ಸಾಮಾನ್ಯವಾಗಿ ಸಿಲಿಂಡರಿನ ವಾಲ್ವ್ ತೆರೆದು ಒತ್ತಡ ಬಂದ ಮೇಲೆಯೇ ಎಚ್ಚರಗೊಳ್ಳುತ್ತದೆ. ಆದುದರಿಂದ ವಾಲ್ವ್ ಮುಚ್ಚಿಟ್ಟು ಜೋಡಿಸಲು ಹೊರಟರೆ ಪ್ರಯೋಜನವಿಲ್ಲ. ರೇಡಿಯೋ ಮಾದರಿಗಳ ವ್ಯಾಪ್ತಿ ಸುಮಾರು ಒಂದು ಮೀಟರ್ ಅಷ್ಟೇ. ಟ್ರಾನ್ಸ್‌ಮಿಟರ್ ಇರುವ ಬದಿಯ ಕೈಗೇ ಸಾಧನವನ್ನು ಕಟ್ಟುವುದು ಉತ್ತಮ. ಕ್ಯಾಮೆರಾದ ಫ್ಲ್ಯಾಷ್ ಮತ್ತು ನೀರಿನಡಿಯ ಸ್ಕೂಟರಿನ ಮೋಟಾರು ಸಂಕೇತವನ್ನು ಕದಡಬಲ್ಲವು. ಕಾರಣ ಏನೇ ಇರಲಿ, ಮುಳ್ಳಿನ ಸಾಂಪ್ರದಾಯಿಕ ಒತ್ತಡಮಾಪಕವೊಂದು ಜೊತೆಯಲ್ಲಿರಲಿ. ಮಾಪಕವೂ ಇಲ್ಲದೆ, ಸಂಕೇತವೂ ಇಲ್ಲದೆ ಹೋದರೆ ಡೈವ್ ಅನ್ನು ಅಲ್ಲಿಗೇ ಮುಗಿಸಿ ಕ್ರಮಬದ್ಧವಾಗಿ ಮೇಲೆ ಬರತಕ್ಕದ್ದು.

ಮಾಡಬಾರದ ರಿಪೇರಿ

ಈ ಲೇಖನದ ಮುಖ್ಯ ವಿಷಯ ಇದು. ಒಬ್ಬ ತರಬೇತುದಾರ ದಿನಕ್ಕೆ ಎರಡು ಮೂರು ಬಾರಿ ಸಮುದ್ರಕ್ಕೆ ಇಳಿಯಬಹುದು. ಮೊದಲ ಡೈವಿನ ಸಾರಜನಕ ಎರಡನೆಯದರ ಹೊತ್ತಿಗೆ ಪೂರ್ತಿ ಹೊರಹೋಗಿರುವುದಿಲ್ಲ. ವ್ಯಾಪಾರದಲ್ಲಿ ಹಿಂದಿನ ಬಾಕಿ ಮುಂದಿನ ಪುಟಕ್ಕೆ ಬರುವಂತೆ ಇದೂ ಮುಂದಕ್ಕೆ ಬರುತ್ತದೆ. ಎರಡು ಡೈವುಗಳ ನಡುವೆ ಬ್ಲೂಟೂತ್ ಸಿಗಲಿಲ್ಲವೆಂದು ಬ್ಯಾಟರಿಯನ್ನು ತೆಗೆದುಹಾಕಿದರೆ, ಕಾರ್ಖಾನೆಯ ಮೂಲಸ್ಥಿತಿಗೆ ತಂದರೆ ಅಥವಾ ಹೊಸ ತಂತ್ರಾಂಶವನ್ನು ತುಂಬಿದರೆ, ಕೆಲವು ಮಾದರಿಗಳಲ್ಲಿ ಆ ಬಾಕಿ ಸೊನ್ನೆಯಾಗುತ್ತದೆ. ಆಗ ಸಾಧನವು ಆ ವ್ಯಕ್ತಿ ಅಂದು ನೀರಿಗೇ ಇಳಿದಿಲ್ಲವೆಂದು ಬಗೆದು ಹೆಚ್ಚು ನಿಮಿಷಗಳನ್ನು ಕೊಡುತ್ತದೆ. ಪರದೆಯಲ್ಲಿ ಕಾಣುವ ಅಂಕಿ ಅಚ್ಚುಕಟ್ಟಾಗಿರುತ್ತದೆ, ಆದರೆ ಸುಳ್ಳಾಗಿರುತ್ತದೆ. ಬೇರೊಬ್ಬರ ಸಾಧನವನ್ನು ಎರವಲು ಪಡೆದರೂ ಇದೇ ಅಪಾಯ. ಆದುದರಿಂದ ಇಂತಹ ರಿಪೇರಿಯನ್ನು ದಿನದ ಡೈವುಗಳೆಲ್ಲ ಮುಗಿದ ಮೇಲೆ, ಸಾಧನವು ಬಾಕಿ ತೀರಿದೆಯೆಂದು ತೋರಿಸಿದ ನಂತರವೇ ಕೈಗೊಳ್ಳತಕ್ಕದ್ದು.

ದಾಖಲೆಯ ಬೆಲೆ

ಡೈವಿನ ದಾಖಲೆಯು ಉದ್ಯಮಿಗೆ ರಕ್ಷಣೆಯೂ ಹೌದು. ಅವಘಡವಾದಾಗ ಆಳವೆಷ್ಟು, ಸಮಯವೆಷ್ಟು, ಮೇಲೆ ಬಂದ ವೇಗವೆಷ್ಟು ಎಂಬುದನ್ನು ವೈದ್ಯರೂ ವಿಮಾ ಕಂಪನಿಯೂ ಕೇಳುತ್ತಾರೆ. ಬ್ಯಾಟರಿ ಬದಲಿಸಿದ ಮೇಲೆ ದಿನಾಂಕ ಮತ್ತು ಸಮಯವನ್ನು ಸರಿಪಡಿಸದಿದ್ದರೆ ದಾಖಲೆ ಇದ್ದೂ ಉಪಯೋಗಕ್ಕೆ ಬಾರದು. ಅದನ್ನು ನ್ಯಾಯಾಲಯದಲ್ಲಿ ವಿದ್ಯುನ್ಮಾನ ಸಾಕ್ಷ್ಯವಾಗಿ ಹಾಜರುಪಡಿಸಬೇಕಾದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಕಲಮಿನಂತೆ ಪ್ರಮಾಣಪತ್ರ ಬೇಕಾಗುತ್ತದೆ. ದೋಣಿಯಲ್ಲಿ ಒಂದು ಕೈಬರಹದ ಪುಸ್ತಕವನ್ನಿಟ್ಟು ಹೆಸರು, ಇಳಿದ ವೇಳೆ, ಗರಿಷ್ಠ ಆಳ, ಆರಂಭ ಮತ್ತು ಅಂತ್ಯದ ಒತ್ತಡವನ್ನು ಬರೆದಿಡುವುದು ಎಲ್ಲಕ್ಕಿಂತ ಅಗ್ಗದ ವಿಮೆ.

ಮಳೆಗಾಲಕ್ಕೆ ಸಾಧನಗಳನ್ನು ಎತ್ತಿಡುವ ಮೊದಲು ಎಲ್ಲ ದಾಖಲೆಗಳನ್ನು ಇಳಿಸಿಕೊಂಡು, ಒಣಗಿಸಿ, ಕೈಪಿಡಿ ಹೇಳಿದಂತೆ ಬ್ಯಾಟರಿಯ ವ್ಯವಸ್ಥೆ ಮಾಡಿರಿ. ಬ್ಯಾಟರಿ ಮತ್ತು ಸೀಲು ಬದಲಾವಣೆ ರಾಜಸ್ವ ವೆಚ್ಚ. ಹೊಸ ಸಾಧನದ ಖರೀದಿ ಬಂಡವಾಳ ವೆಚ್ಚ. ಮೊದಲನೆಯದನ್ನು ಸಕಾಲದಲ್ಲಿ ಮಾಡಿದವರಿಗೆ ಎರಡನೆಯದು ತಡವಾಗಿ ಬರುತ್ತದೆ.

ಡೈವಿಂಗ್ ವ್ಯವಹಾರ ಇಲ್ಲದ ಸದಸ್ಯರೂ ಮೇಲಿನ ಏಳು ಹೆಜ್ಜೆಗಳಲ್ಲಿ ಹಲವನ್ನು ಅಂಗಡಿಯ ಬ್ಲೂಟೂತ್ ತೂಕದ ಯಂತ್ರಕ್ಕೂ ಬಿಲ್ಲಿನ ಪ್ರಿಂಟರಿಗೂ ಅನ್ವಯಿಸಿ ನೋಡಬಹುದು. ಅಲ್ಲಿ ತಪ್ಪಿದರೆ ನಷ್ಟವಾಗುವುದು ಹಣ. ನೇತ್ರಾಣಿಯ ನೀರಿನಲ್ಲಿ ಲೆಕ್ಕ ತಪ್ಪಿದರೆ ಅದನ್ನು ತಿದ್ದುವ ಅವಕಾಶ ಸಿಗದೇ ಹೋಗಬಹುದು.