ಕಾಳು ಬೆಂದ ಮೇಲೆ ಕಾಕಂಬಿ

ಬೇಕ್ಡ್ ಬೀನ್ಸ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹೋಟೆಲಿನ ಬೆಳಗಿನ ಬಫೆಯಲ್ಲಿ ಟೋಸ್ಟಿನ ಪಕ್ಕ ಇಟ್ಟಿರುವ, ಟೊಮೆಟೊ ಸಾಸಿನಲ್ಲಿ ಮುಳುಗಿದ ಡಬ್ಬಿಕಾಳು. ಅದು ಬ್ರಿಟನ್ನಿನವರು ರೂಢಿಸಿಕೊಂಡ ಬಗೆ. ಹೆಸರು ಏನೇ ಹೇಳಲಿ, ಆ ಕಾಳು ಓವನ್ನಿಗೆ ಹೋದದ್ದಲ್ಲ, ಡಬ್ಬಿಯೊಳಗೇ ಬೆಂದದ್ದು. ಈ ಅಧ್ಯಾಯದ ವಿಷಯ ಅದಕ್ಕೂ ಹಳೆಯದು: ಅಮೆರಿಕದ ನ್ಯೂ ಇಂಗ್ಲೆಂಡ್ ಸೀಮೆಯಲ್ಲಿ, ಮುಖ್ಯವಾಗಿ ಬಾಸ್ಟನ್ನಿನಲ್ಲಿ, ಮಣ್ಣಿನ ಗಡಿಗೆಯಲ್ಲಿ ಇಡೀ ರಾತ್ರಿ ಬೇಯುತ್ತಿದ್ದ ಕಂದುಬಣ್ಣದ, ಸಿಹಿ-ಉಪ್ಪಿನ ಕಾಳು.

ಕಾಳಿನ ಪರಿಚಯ ಬೇಗ ಮುಗಿಸೋಣ. ನಾವು ಪಲ್ಯ ಮಾಡುವ ಬೀನ್ಸ್, ಪಂಜಾಬಿನವರ ರಾಜ್ಮಾ, ಬಾಸ್ಟನ್ನಿನ ಸಣ್ಣ ಬಿಳಿ ನೇವಿ ಬೀನ್ಸ್, ಮೂರೂ ಒಂದೇ ಸಸ್ಯಜಾತಿ, ಫ್ಯಾಸಿಯೋಲಸ್ ವಲ್ಗ್ಯಾರಿಸ್. ಎಳೆಯದಾಗಿದ್ದಾಗ ತರಕಾರಿ, ಬಲಿತು ಒಣಗಿದರೆ ಕಾಳು. ಇದರ ತವರು ಮಧ್ಯ ಅಮೆರಿಕ ಮತ್ತು ಆಂಡಿಸ್ ಬೆಟ್ಟಸಾಲು. ನೇವಿ ಬೀನ್ಸ್ ಸಿಗದಿದ್ದರೆ ಸಣ್ಣ ಬಿಳಿ ರಾಜ್ಮಾ ಚೆನ್ನಾಗಿಯೇ ಒದಗುತ್ತದೆ.

ರಾತ್ರಿಯಿಡೀ ಬೇಯಿಸುವ ರೂಢಿಗೆ ಧರ್ಮವೂ ಕಾರಣ. ಪ್ಯೂರಿಟನ್ ಪಂಥದವರಿಗೆ ಶನಿವಾರ ಸೂರ್ಯಾಸ್ತದಿಂದ ಭಾನುವಾರ ಸಂಜೆಯವರೆಗೆ ಕೆಲಸ ನಿಷಿದ್ಧ, ಅಡುಗೆಯೂ ಸೇರಿ. ಶನಿವಾರ ಒಲೆಗೆ ಸೇರಿಸಿದ ಗಡಿಗೆ ಆ ರಾತ್ರಿಗೂ ಮರುದಿನಕ್ಕೂ ಊಟವಾಗುತ್ತಿತ್ತು. ಸಿಹಿಗೆ ಕಾಕಂಬಿ ಬಂದದ್ದು ವ್ಯಾಪಾರದಿಂದ. ಕೆರಿಬಿಯನ್ ದ್ವೀಪಗಳಲ್ಲಿ ಗುಲಾಮರಾಗಿದ್ದ ಆಫ್ರಿಕನ್ನರು ದುಡಿಯುತ್ತಿದ್ದ ಕಬ್ಬಿನ ತೋಟಗಳಿಂದ ಕಾಕಂಬಿ ಪೀಪಾಯಿಗಟ್ಟಲೆ ಬಾಸ್ಟನ್ ಬಂದರಿಗೆ ಇಳಿಯುತ್ತಿತ್ತು. ರಮ್ ಬಟ್ಟಿಗಳಿಗೆ ಬರುತ್ತಿದ್ದ ಈ ಸರಕು ಸಕ್ಕರೆಗಿಂತ ಅಗ್ಗ, ಹಾಗಾಗಿ ಬಡವರ ಗಡಿಗೆಗೂ ಇಳಿಯಿತು. ಆ ನಗರಕ್ಕೆ ಕಾಕಂಬಿಯ ನಂಟು ಎಷ್ಟಿತ್ತೆಂದರೆ, 1919ರ ಜನವರಿ 15ರಂದು ಅಲ್ಲಿನ ನಾರ್ತ್ ಎಂಡ್‌ನಲ್ಲಿ ಸುಮಾರು 87 ಲಕ್ಷ ಲೀಟರ್ ಕಾಕಂಬಿ ತುಂಬಿದ್ದ ತೊಟ್ಟಿ ಒಡೆದು, ಬೀದಿಗೆ ನುಗ್ಗಿದ ಅಲೆಗೆ ಸಿಕ್ಕಿ 21 ಜನ ಸತ್ತರು.

ಇನ್ನು ನಾನು ಎಷ್ಟು ಸಲ ವಿವರಿಸಿದರೂ ದಣಿಯದ ಭಾಗ. ಮನೆಯಲ್ಲಿ ಇದನ್ನು ಮಾಡಲು ಹೊರಟವರು ಎಡವುವುದೆಲ್ಲ ಇಲ್ಲೇ. ಕಾಳು ನೆನೆಸುತ್ತಾರೆ, ಕಾಕಂಬಿ, ಸಾಸಿವೆ, ಟೊಮೆಟೊ ಎಲ್ಲವನ್ನೂ ಒಟ್ಟಿಗೆ ಸುರಿದು ಓವನ್ನಿಗೆ ಇಡುತ್ತಾರೆ. ಎಂಟು ಗಂಟೆಯಾದರೂ ಕಾಳು ಕಟಕಟ ಎನ್ನುತ್ತದೆ. ಆಗ ಬೈಗುಳ ಬೀಳುವುದು ಉಪ್ಪಿಗೆ. ‘ಮೊದಲೇ ಉಪ್ಪು ಹಾಕಿದೆ, ಅದಕ್ಕೇ ಬೇಯಲಿಲ್ಲ’ ಎನ್ನುವ ಮಾತು ಬಾಸ್ಟನ್ನಿನಲ್ಲೂ ಉಂಟು, ಬೆಂಗಳೂರಿನಲ್ಲೂ ಉಂಟು. ಉಪ್ಪು ಇಲ್ಲಿ ನಿರಪರಾಧಿ. ಅಷ್ಟೇ ಅಲ್ಲ, ಅದು ಸಹಾಯಕ.

ಕಾಳಿನೊಳಗೆ ಜೀವಕೋಶಗಳು ಇಟ್ಟಿಗೆಗಳಂತೆ ಜೋಡಿಸಿಕೊಂಡಿವೆ. ನಡುವಿನ ಗಾರೆ ಪೆಕ್ಟಿನ್. ಬೇಯುವುದು ಎಂದರೆ ಈ ಗಾರೆ ಬಿಸಿನೀರಿನಲ್ಲಿ ಕರಗಿ ಕೋಶಗಳು ಒಂದರಿಂದೊಂದು ಸಡಿಲವಾಗುವುದು. ಪೆಕ್ಟಿನ್ನಿನ ಎಳೆಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿರುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಉಪ್ಪಿನ ಸೋಡಿಯಂ ಇವನ್ನು ಒಂದಿಷ್ಟು ಪಕ್ಕಕ್ಕೆ ತಳ್ಳಿ ತಾನು ಕೂರುತ್ತದೆ. ಆದರೆ ಅದಕ್ಕೆ ಎರಡು ಎಳೆಗಳನ್ನು ಬೆಸೆಯುವ ಶಕ್ತಿಯಿಲ್ಲ. ಆದ್ದರಿಂದ ಉಪ್ಪುನೀರಿನಲ್ಲಿ ನೆನೆದ ಕಾಳಿನ ಸಿಪ್ಪೆ ಮೆದುವಾಗುತ್ತದೆ, ಬೇಯುವಾಗ ಒಡೆಯುವುದೂ ಕಡಿಮೆ.

ಬೇಯಲು ಬಿಡದವು ಬೇರೆ ಎರಡು. ಒಂದು ಹುಳಿ: ಆಮ್ಲದ ನೀರಿನಲ್ಲಿ ಪೆಕ್ಟಿನ್ ಸುಲಭವಾಗಿ ಕರಗುವುದಿಲ್ಲ. ಬೇಳೆ ಬೆಂದ ಮೇಲೆಯೇ ಹುಣಸೆರಸ ಹಾಕಬೇಕು ಎಂದು ನಮ್ಮ ಅಜ್ಜಿಯರು ಹುಳಿ, ಸಾರುಗಳಿಗೆ ವಿಧಿಸಿದ ಕಟ್ಟಳೆಯ ಹಿಂದಿರುವುದು ಇದೇ ರಸಾಯನಶಾಸ್ತ್ರ. ಇನ್ನೊಂದು ನೀರಿನ ಗಡಸು. ಕೋಲಾರ, ತುಮಕೂರು, ಚಿತ್ರದುರ್ಗದ ಕಡೆ ‘ಬೋರ್ ನೀರಿಗೆ ಬೇಳೆ ಬೇಯಲ್ಲ’ ಎನ್ನುವುದು ಬರೀ ಗೊಣಗಾಟವಲ್ಲ. ಆ ನೀರಿನ ಕ್ಯಾಲ್ಸಿಯಂ ಕಾಳಿನೊಳಗೆ ಇಳಿದು ಗಾರೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಅಂಥ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಬಿಳಿ ಗಸಿ ತಳಕ್ಕೆ ಕೂತ ಮೇಲೆ ತಿಳಿಯನ್ನು ಬಸಿದುಕೊಂಡರೆ ಗಡಸು ಒಂದು ಮಟ್ಟಕ್ಕೆ ಇಳಿಯುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೂ ಕಾಳು ಬೇಗ ಮೆತ್ತಗಾಗುತ್ತದೆ. ಕೈ ಮೀರಿದರೆ ಸೋಪಿನ ರುಚಿ ಬರುತ್ತದೆ, ಬಿ1 ಜೀವಸತ್ವವೂ ಹಾಳಾಗುತ್ತದೆ.

ಈಗ ಕಾಕಂಬಿಯನ್ನು ನೋಡಿ. ಅದರಲ್ಲಿ ಸ್ವಲ್ಪ ಹುಳಿಯಿದೆ, ಧಾರಾಳ ಸಕ್ಕರೆಯಿದೆ, 100 ಗ್ರಾಂಗೆ ಸುಮಾರು 200 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹುಳಿ, ಕ್ಯಾಲ್ಸಿಯಂಗಳಂತೆ ಸಕ್ಕರೆಯೂ ಕಾಳು ಮೆತ್ತಗಾಗುವುದನ್ನು ತಡೆಯುತ್ತದೆ. ಬೇಯುವುದನ್ನು ತಡೆಯುವ ಮೂರೂ ಒಂದೇ ಪಾತ್ರೆಯಲ್ಲಿ! ಮೊದಲೇ ಹಾಕಿದರೆ ಕಾಳು ಕಲ್ಲು. ಆದರೆ ಕಾಳು ಬೆಂದ ಮೇಲೆ ಹಾಕಿದರೆ ಅದೇ ಗುಣ ವರವಾಗುತ್ತದೆ. ಹತ್ತು ಗಂಟೆ ಒಲೆಯಲ್ಲಿದ್ದರೂ ಬಾಸ್ಟನ್ನಿನ ಕಾಳು ಗಂಜಿಯಾಗದೆ ಇಡಿಯಾಗಿ ಉಳಿಯುವುದು, ಒಳಗೆ ಬೆಣ್ಣೆಯಷ್ಟು ನುಣುಪಾಗಿದ್ದೂ ಮೈ ಬಿಡದಿರುವುದು ಈ ಬಿಗಿತದಿಂದಲೇ. ಹೆರಾಲ್ಡ್ ಮೆಗೀ ಅವರು ‘ಆನ್ ಫುಡ್ ಅಂಡ್ ಕುಕಿಂಗ್’ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ಅಡುಗೆಯನ್ನು ವಿಜ್ಞಾನವಾಗಿ ನೋಡಬಯಸುವವರು ಆ ಪುಸ್ತಕವನ್ನು ಒಮ್ಮೆಯಾದರೂ ತೆರೆಯಬೇಕು.

ಮಾಡುವ ಬಗೆ ಇದರಿಂದಲೇ ಹೊರಡುತ್ತದೆ. ಅರ್ಧ ಕಿಲೋ ಕಾಳನ್ನು ಲೀಟರಿಗೆ 15 ಗ್ರಾಂ ಉಪ್ಪು ಕರಗಿಸಿದ ನೀರಿನಲ್ಲಿ ರಾತ್ರಿ ನೆನೆಸಿ, ಆ ನೀರು ಚೆಲ್ಲಿ. ಹೊಸ ನೀರಿನಲ್ಲಿ ಕುದಿಸಿ. ಇಲ್ಲಿ ಅವಸರ ಸಲ್ಲದು: ರಾಜ್ಮಾ ಜಾತಿಯ ಹಸಿ ಕಾಳಿನಲ್ಲಿ ವಾಂತಿ-ಭೇದಿ ತರುವ ಲೆಕ್ಟಿನ್ ಎಂಬ ಪ್ರೋಟೀನ್ ಇರುತ್ತದೆ. ಕೆಂಪು ಕಾಳಿನಲ್ಲಿ ಹೆಚ್ಚು, ಬಿಳಿಯದರಲ್ಲಿ ಕಡಿಮೆ. ಬಿಸಿ ತಾಗಿದರೆ ಸಾಲದು, ಕೊತಕೊತ ಕುದಿದರೆ ಮಾತ್ರ ಅದು ನಾಶವಾಗುತ್ತದೆ. ಕನಿಷ್ಠ 10 ನಿಮಿಷ ಬೇಕು; ಅಮೆರಿಕದ ಎಫ್‌ಡಿಎ 30 ನಿಮಿಷ ಎನ್ನುತ್ತದೆ. ಹಸಿ ಕಾಳನ್ನು ನೇರವಾಗಿ ಸಣ್ಣ ಉರಿಯ ಓವನ್ನಿಗೋ ಸ್ಲೋ ಕುಕ್ಕರಿಗೋ ಇಡಲೇಬೇಡಿ. ಪ್ರೆಷರ್ ಕುಕ್ಕರಿನಲ್ಲಿ ಕೂಗಿಸಿದರೆ ಈ ಭಯವಿಲ್ಲ, ಆದರೆ ಮುದ್ದೆಯಾಗುವ ಮುನ್ನ ಇಳಿಸಬೇಕು. ಹದ ನೋಡಲು ನ್ಯೂ ಇಂಗ್ಲೆಂಡಿನ ಹಳೆಯ ಉಪಾಯವಿದೆ: ಒಂದು ಚಮಚ ಕಾಳು ತೆಗೆದು ಊದಿ, ಸಿಪ್ಪೆ ಸುರುಳಿ ಬಿಚ್ಚಿಕೊಂಡರೆ ಸಿದ್ಧ. ಒಂದು ಕಾಳನ್ನು ಹಿಸುಕಿಯೂ ನೋಡಿ, ನಡುವೆ ಗಟ್ಟಿ ಉಳಿದಿರಬಾರದು.

ಇನ್ನು ಹೊಗೆ. ಕಟ್ಟಿಗೆಯಲ್ಲಿರುವ ಲಿಗ್ನಿನ್ ಸುಡುವಾಗ ಗ್ವಾಯಕಾಲ್, ಸಿರಿಂಗಾಲ್ ಎಂಬ ವಸ್ತುಗಳು ಹುಟ್ಟುತ್ತವೆ. ನಾವು ಹೊಗೆವಾಸನೆ ಎನ್ನುವುದು ಬಹುಪಾಲು ಇವನ್ನೇ. ಇವು ಜಿಡ್ಡಿನಲ್ಲಿ ಚೆನ್ನಾಗಿ ಕರಗುತ್ತವೆ. ಬಾಸ್ಟನ್ನಿನವರು ಉಪ್ಪು ಹಾಕಿಟ್ಟ ಹಂದಿಮಾಂಸ ಹಾಕುತ್ತಾರೆ. ಹೊಗೆ ಬೇಕೆಂದವರು ಹೊಗೆಯಾಡಿಸಿದ ಬೇಕನ್ ಹಾಕುತ್ತಾರೆ, ಅದರ ಕೊಬ್ಬೇ ವಾಸನೆಯನ್ನು ಹೊತ್ತು ಇಡೀ ಗಡಿಗೆಗೆ ಹಂಚುತ್ತದೆ. ಮಾಂಸ ಬೇಡದವರು ಸ್ಪೇನಿನ ಲಾ ವೆರಾ ಕಡೆಯ ಕೆಂಪು ಪುಡಿಯನ್ನು ಬಳಸಬಹುದು. ಓಕ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ ಮೆಣಸಿನಕಾಯಿ ಅದು. ನಮ್ಮ ಬ್ಯಾಡಗಿ ಬಣ್ಣ ಕೊಡುತ್ತದೆ, ಹೊಗೆ ಕೊಡುವುದಿಲ್ಲ. ಪುಡಿಯನ್ನು ನೀರಿಗೆ ಉದುರಿಸದೆ, ಈರುಳ್ಳಿ ಬಾಡಿಸಿದ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಒಂದು ಕ್ಷಣ ಕೈಯಾಡಿಸಿ. ಅದೂ ಸಿಗದಿದ್ದರೆ ಕೊನೆಯಲ್ಲಿ ಕಾಳಿನ ಮೇಲೆ ಸಣ್ಣ ಬಟ್ಟಲಿಟ್ಟು, ಅದರಲ್ಲಿ ನಿಗಿನಿಗಿ ಕೆಂಡ ಹಾಕಿ, ಒಂದು ಹನಿ ತುಪ್ಪ ಬಿಟ್ಟು ಐದು ನಿಮಿಷ ಮುಚ್ಚಿಡಿ. ಕಿಟಕಿ ತೆರೆದಿರಲಿ.

ಬೆಂದ ಕಾಳನ್ನು ದಪ್ಪ ಗಡಿಗೆಗೆ ಹಾಕಿ, ಬಾಡಿಸಿದ ಈರುಳ್ಳಿ, ಮಾಂಸ ಹಾಕುವುದಿದ್ದರೆ 150 ಗ್ರಾಂ, 100 ಗ್ರಾಂ ಕಾಕಂಬಿ, ಎರಡು ಟೀ ಚಮಚ ಸಾಸಿವೆಪುಡಿ, ಕರಿಮೆಣಸು, ಉಪ್ಪು ಸೇರಿಸಿ. ಅಡುಗೆಗೆ ಒಪ್ಪುವ ಕಾಕಂಬಿ ಸಿಗದಿದ್ದರೆ ಮಲೆನಾಡಿನ ಜೋನಿ ಬೆಲ್ಲ ಹಾಕಿ. ಕಾಳು ಮುಳುಗುವಷ್ಟು ಬಿಸಿನೀರು ಬಿಟ್ಟು, ಮುಚ್ಚಿ, 140 ಡಿಗ್ರಿಯಲ್ಲಿ ನಾಲ್ಕೈದು ಗಂಟೆ ಇಡಿ. ನೀರು ಇಂಗಿದಾಗ ಬಿಸಿನೀರನ್ನೇ ಸೇರಿಸಿ. ಕೊನೆಯ ಒಂದು ಗಂಟೆ ಮುಚ್ಚಳ ತೆಗೆಯಿರಿ: ಮೇಲ್ಪದರ ಒಣಗಿ 100 ಡಿಗ್ರಿ ದಾಟಿದಾಗ ಸಕ್ಕರೆ ಮತ್ತು ಪ್ರೋಟೀನ್ ಕೂಡಿ ಕಂದಾಗುತ್ತವೆ. ಆ ಕೆನೆಗಟ್ಟಿದ ಪದರಕ್ಕಾಗಿ ಮನೆಯಲ್ಲಿ ಪೈಪೋಟಿ ನಡೆಯುವುದು ನ್ಯಾಯವೇ. ಮೇನ್ ರಾಜ್ಯದಲ್ಲಿ ಈಗಲೂ ಕಲ್ಲು ಹಾಸಿದ ಗುಂಡಿಯಲ್ಲಿ ಬೆಂಕಿ ಮಾಡಿ, ಕೆಂಡದ ಮೇಲೆ ಎರಕದ ಕಬ್ಬಿಣದ ಪಾತ್ರೆ ಇಳಿಸಿ, ಮಣ್ಣು ಮುಚ್ಚಿ ರಾತ್ರಿಯಿಡೀ ಬಿಡುವವರಿದ್ದಾರೆ. ಮರ ಕಡಿಯುವವರ ಬಿಡಾರಗಳ ಊಟ ಅದು.

ಇಷ್ಟೆಲ್ಲ ಮಾಡಿದರೂ ಬೇಯದ ಕಾಳು ಇರುತ್ತದೆ: ಸೆಕೆ ಮತ್ತು ತೇವದಲ್ಲಿ ಬಹುಕಾಲ ಕೂತ ಹಳೆಯ ದಾಸ್ತಾನು. ಅದರೊಳಗೆ ಫೈಟೇಟ್ ಎಂಬ ವಸ್ತು ಒಡೆದು ತಾನು ಹಿಡಿದಿಟ್ಟಿದ್ದ ಕ್ಯಾಲ್ಸಿಯಮ್ಮನ್ನು ಬಿಟ್ಟುಕೊಡುತ್ತದೆ, ಅದು ಪೆಕ್ಟಿನ್ನಿಗೆ ಅಂಟುತ್ತದೆ ಎಂಬುದು ಮುಖ್ಯ ವಿವರಣೆಗಳಲ್ಲೊಂದು. ನಮ್ಮ ಅವರೆ, ಅಲಸಂದೆ, ಹುರುಳಿಗಳ ಮೇಲೂ, ನಮ್ಮ ಜಿಲ್ಲೆಗಳ ನೀರಿನ ಮೇಲೂ, ಯಾವ ನೀರಿನಲ್ಲಿ ಕಾಳು ಎಷ್ಟು ಬೇಗ ಬೇಯುತ್ತದೆ ಎಂಬ ಪರೀಕ್ಷೆಯನ್ನು ಕನ್ನಡದ ಮಕ್ಕಳು ಮಾಡಬೇಕೆಂಬುದು ನನ್ನ ಬಹುದಿನದ ಆಸೆ. ಶಾಲೆಯಲ್ಲಿ ಬೇಕಾದದ್ದು ನಾಲ್ಕು ಸಣ್ಣ ಪಾತ್ರೆ, ಒಂದೇ ಉರಿ, ಒಂದು ಗಡಿಯಾರ. ಒಂದರಲ್ಲಿ ಫಿಲ್ಟರ್ ನೀರು, ಒಂದರಲ್ಲಿ ಬೋರ್ ನೀರು, ಒಂದರಲ್ಲಿ ಉಪ್ಪುನೀರು, ಒಂದರಲ್ಲಿ ಹುಣಸೆನೀರು. ಒಂದೇ ಚೀಲದ ಕಾಳನ್ನು ಎಣಿಸಿ ಹಾಕಿ, ಹತ್ತು ನಿಮಿಷಕ್ಕೊಮ್ಮೆ ಒಂದೊಂದನ್ನು ಹಿಸುಕಿ ಬರೆದುಕೊಳ್ಳಿ. ಕಾಳು ಯಾವ ತಿಂಗಳದ್ದು, ನೀರು ಯಾವ ಊರಿನದ್ದು ಎಂಬುದನ್ನು ಹಾಳೆಯ ಮೇಲ್ಭಾಗದಲ್ಲಿ ಮರೆಯದೆ ಗುರುತಿಸಿ. ಅದಿಲ್ಲದಿದ್ದರೆ ಕೋಲಾರದ ಹಾಳೆಯನ್ನು ಶಿರಸಿಯ ಹಾಳೆಯ ಪಕ್ಕದಲ್ಲಿಟ್ಟು ಓದಲು ಬರುವುದಿಲ್ಲ.