ರೈತ ಕುಟುಂಬದ ಗಂಗಾಳ: ಎಷ್ಟು ಉಣ್ಣಬೇಕು, ಏನು ಉಣ್ಣಬೇಕು

ಎತ್ತು ಸಾಕಿದ ರೈತನಿಗೆ ಮೇವಿನ ಅಳತೆಯನ್ನು ಯಾರೂ ಕಲಿಸಬೇಕಾಗಿಲ್ಲ. ಗಳೆ ಹೂಡುವ ದಿನಗಳಲ್ಲಿ ಕಣಕಿಯ ಜೊತೆಗೆ ಹಿಂಡಿ ಮತ್ತು ನುಚ್ಚು ಬೀಳುತ್ತವೆ. ಕೆಲಸವಿಲ್ಲದೆ ಕೊಟ್ಟಿಗೆಯಲ್ಲಿ ನಿಂತ ದಿನಗಳಲ್ಲಿ ಕಣಕಿ, ಹೊಟ್ಟು ಇಷ್ಟೇ. ಹಿಂಡುವ ಎಮ್ಮೆಗೆ ಒಂದು ಅಳತೆ, ಗಬ್ಬದ ಎಮ್ಮೆಗೆ ಇನ್ನೊಂದು, ಕರುವಿಗೆ ಮತ್ತೊಂದು. ಯಾವ ದನ ಎಷ್ಟು ದುಡಿಯುತ್ತದೆ, ಅದಕ್ಕೆ ಏನು ಬೇಕು ಎಂಬ ಲೆಕ್ಕ ರೈತನ ಕೈಯಲ್ಲೇ ಇರುತ್ತದೆ. ಆದರೆ ಕೊಟ್ಟಿಗೆಯಿಂದ ಅಡುಗೆಮನೆಗೆ ಬಂದೊಡನೆ ಈ ಲೆಕ್ಕ ಮರೆತುಹೋಗುತ್ತದೆ. ದುಡಿದವರಿಗೂ ಕುಳಿತವರಿಗೂ ಅದೇ ಊಟ. ಅಷ್ಟೇ ಅಲ್ಲ, ಎಷ್ಟೋ ಸಲ ಹೆಚ್ಚು ದುಡಿದವರಿಗೇ ಕಡಿಮೆ.

ಮಹಾರಾಷ್ಟ್ರದ ಗಡಿಗೆ ಹೊಂದಿದ ಆಳಂದ ತಾಲ್ಲೂಕಿನ ಸರಸಂಬಾ ಮತ್ತು ಸುತ್ತಲಿನ ಹಳ್ಳಿಗಳನ್ನೇ ತೆಗೆದುಕೊಳ್ಳಬಹುದು. ಎರೆಭೂಮಿ, ಮಳೆಯಾಶ್ರಿತ ಬೇಸಾಯ. ಮುಂಗಾರಿಗೆ ತೊಗರಿ, ಹೆಸರು, ಉದ್ದು, ಸೋಯಾ ಅವರೆ. ಹಿಂಗಾರಿಗೆ ಬಿಳಿಜೋಳ ಮತ್ತು ಕಡಲೆ. ಜಿಲ್ಲೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಇಲ್ಲಿಯ ಹಿಂಗಾರಿ ಹೊಲಗಳಲ್ಲಿ ಹೆಸರಾದ ಎಂ 35-1 ಜೋಳವನ್ನು 1930ರ ದಶಕದಲ್ಲಿ ನೆರೆಯ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಮಾಲದಂಡಿ ಎಂಬ ಸ್ಥಳೀಯ ತಳಿಯಿಂದ ಆರಿಸಿ ತೆಗೆಯಲಾಯಿತು. ಹೀಗೆ ಉತ್ತಮ ಊಟಕ್ಕೆ ಬೇಕಾದ ಎರಡು ಮುಖ್ಯ ಧಾನ್ಯಗಳು ಹೊಲದಲ್ಲೇ ಬೆಳೆಯುವ ಪ್ರದೇಶವಿದು. ಹಾಗಿದ್ದೂ ಇಂತಹ ಊರುಗಳಲ್ಲಿ ಒಂದು ಕಡೆ ಸಕ್ಕರೆ ರೋಗ, ಇನ್ನೊಂದು ಕಡೆ ರಕ್ತಹೀನತೆ, ಎರಡೂ ಒಂದೇ ಮನೆಯಲ್ಲಿ ಕಾಣಸಿಗುತ್ತವೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ವಯಸ್ಕರಲ್ಲಿ ಶೇ. 8.9ರಷ್ಟು ಜನರಿಗೆ ಸಕ್ಕರೆ ರೋಗವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆಯಿದೆ.

ದುಡಿಮೆಗೆ ತಕ್ಕ ಊಟ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಅಂಕಿಗಳ ಪ್ರಕಾರ, ಕುಳಿತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 2110 ಕ್ಯಾಲರಿ ಶಕ್ತಿ ಸಾಕು. ಶ್ರಮದ ದುಡಿಮೆ ಮಾಡುವವನಿಗೆ 3470 ಕ್ಯಾಲರಿ ಬೇಕು. ಹೆಂಗಸರಿಗೆ ಇದೇ ಅಳತೆ ಕ್ರಮವಾಗಿ 1660 ಮತ್ತು 2720.

ಈ ಅಂಕಿಗಳನ್ನು ರೊಟ್ಟಿಯ ಲೆಕ್ಕಕ್ಕೆ ತಂದರೆ ವಿಷಯ ಸ್ಪಷ್ಟವಾಗುತ್ತದೆ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 350 ಕ್ಯಾಲರಿ ಇದೆ. ದೊಡ್ಡದಾಗಿ ಬಡಿದ ಒಂದು ಬಿಸಿರೊಟ್ಟಿಗೆ ಹೆಚ್ಚು ಕಡಿಮೆ ಅಷ್ಟೇ ಹಿಟ್ಟು ಹಿಡಿಯುತ್ತದೆ. ಅಂದರೆ ದಿನವಿಡೀ ದುಡಿಯುವ ಗಂಡಸಿಗೂ ಕುಳಿತಿರುವವನಿಗೂ ಇರುವ ಅಂತರ ದಿನಕ್ಕೆ ಸುಮಾರು ನಾಲ್ಕು ದೊಡ್ಡ ರೊಟ್ಟಿ. ಹಿಂದೆ ನೇಗಿಲು ಹೊಡೆದು, ಹರಗಿ, ಕಣದಲ್ಲಿ ರಾಶಿ ಮಾಡಿದ ಮೈಗೆ ಆ ನಾಲ್ಕು ರೊಟ್ಟಿ ಬೇಕೇ ಬೇಕಾಗಿತ್ತು. ಈಗ ನೇಗಿಲಿನ ಕೆಲಸವನ್ನು ಟ್ರ್ಯಾಕ್ಟರ್ ಮಾಡುತ್ತದೆ, ರಾಶಿಯನ್ನು ಯಂತ್ರ ಮಾಡುತ್ತದೆ, ಹೊಲಕ್ಕೆ ಹೋಗಲು ಮೋಟಾರ್ ಸೈಕಲ್ ಇದೆ. ದುಡಿಮೆ ಇಳಿಯಿತು, ರೊಟ್ಟಿಯ ಎಣಿಕೆ ಇಳಿಯಲಿಲ್ಲ. ಮೈಯಲ್ಲಿ ಬೊಜ್ಜಾಗಿ ಕೂಡುವುದು ಈ ಹೆಚ್ಚಿನ ಪಾಲೇ.

ಜೋಳದ ರೊಟ್ಟಿಯನ್ನು ಎಷ್ಟು ತಿಂದರೂ ಸಕ್ಕರೆ ಏರುವುದಿಲ್ಲ ಎಂಬ ಮಾತು ಇತ್ತೀಚೆಗೆ ಬಹಳ ಕೇಳಿಬರುತ್ತಿದೆ. ಇದು ಅರ್ಧ ಸತ್ಯ. ನಯಗೊಳಿಸಿದ ಅಕ್ಕಿಗಿಂತ ಜೋಳದಲ್ಲಿ ನಾರು ಮತ್ತು ಸಸಾರಜನಕ ಹೆಚ್ಚು ಎಂಬುದು ನಿಜ; ಆದರೆ ಅದರಲ್ಲೂ ಬಹುಭಾಗ ಪಿಷ್ಟವೇ. ಐದು ರೊಟ್ಟಿಯ ಪಿಷ್ಟ ಐದು ರೊಟ್ಟಿಯದೇ. ಖಟಿರೊಟ್ಟಿಯದು ಇನ್ನೊಂದು ಮೋಸ. ತೆಳುವಾಗಿ ಇರುವುದರಿಂದ ಎಷ್ಟು ಮುರಿದು ತಿಂದದ್ದು ಎಂಬ ಎಚ್ಚರ ಉಳಿಯುವುದಿಲ್ಲ. ಒಂದು ಸಲವಾದರೂ ಮನೆಯಲ್ಲಿ ಒಂದು ರೊಟ್ಟಿಗೆ ಹಿಡಿಯುವ ಹಿಟ್ಟನ್ನು ತಕ್ಕಡಿಯಲ್ಲಿ ತೂಗಿ ನೋಡುವುದು ಒಳ್ಳೆಯದು. ಮನೆಯಿಂದ ಮನೆಗೆ ಈ ತೂಕ ಬಹಳ ವ್ಯತ್ಯಾಸವಾಗುತ್ತದೆ. ಸಕ್ಕರೆ ರೋಗಕ್ಕೆ ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟವನ್ನು ಒಮ್ಮೆಲೇ ತಗ್ಗಿಸಬಾರದು.

ಮೇಲಿನ ಅಂಕಿಗಳಲ್ಲಿ ರೈತ ಬಾಂಧವರು ಗಮನಿಸಬೇಕಾದ ಇನ್ನೊಂದು ಮಾತಿದೆ. ಬೆಳಗಿನಿಂದ ಸಂಜೆಯವರೆಗೆ ಕಳೆ ತೆಗೆದ, ತೊಗರಿ ಕೊಯ್ದ ಹೆಣ್ಣುಮಗಳಿಗೆ 2720 ಕ್ಯಾಲರಿ ಬೇಕು. ಅದೇ ಹೊತ್ತಿನಲ್ಲಿ ಕಟ್ಟೆಯ ಮೇಲೆ ಕುಳಿತ ಗಂಡಸಿಗೆ 2110 ಸಾಕು. ಅಂದರೆ ಅಂದಿನ ಊಟದಲ್ಲಿ ಅವಳ ಪಾಲು ಅವನದಕ್ಕಿಂತ 600 ಕ್ಯಾಲರಿಯಷ್ಟು ಹೆಚ್ಚಾಗಬೇಕು. ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಎಲ್ಲರಿಗೂ ಬಡಿಸಿ ಕೊನೆಗೆ ಕೂಡುವ ಅವಳ ಗಂಗಾಳಕ್ಕೆ ರೊಟ್ಟಿಯೇನೋ ಉಳಿದಿರುತ್ತದೆ, ಬೇಳೆಯ ಪಾತ್ರೆ ಮಾತ್ರ ತಳ ಕಂಡಿರುತ್ತದೆ. ಗಬ್ಬದ ಎಮ್ಮೆಗೆ ತಪ್ಪದೆ ಹಿಂಡಿ ಇಡುವ ಮನೆಯಲ್ಲಿ ಬಸಿರಿಗೆ ಇದು ಆಗಬಾರದು. ಬಸಿರಿಗೆ ದಿನಕ್ಕೆ 350 ಕ್ಯಾಲರಿ, ಹೆರಿಗೆಯಾದ ಮೊದಲ ಆರು ತಿಂಗಳು ಹಾಲೂಡುವ ತಾಯಿಗೆ 600 ಕ್ಯಾಲರಿ ಹೆಚ್ಚು ಬೇಕು. ಇದನ್ನು ಬರಿ ರೊಟ್ಟಿಯಿಂದ ತುಂಬದೆ ಹಾಲು, ಬೇಳೆ, ಶೇಂಗಾ, ಉಣ್ಣುವವರಾದರೆ ಮೊಟ್ಟೆಯಿಂದ ತುಂಬುವುದು ಉತ್ತಮ. ಬಡಿಸುವ ಮೊದಲೇ ಅವರ ಪಾಲಿನ ಬೇಳೆಯನ್ನು ಬೇರೆ ಬಟ್ಟಲಲ್ಲಿ ತೆಗೆದಿಡುವುದು ಇದಕ್ಕೆ ಸುಲಭ ಉಪಾಯ.

ಗಂಗಾಳದಲ್ಲಿ ಬೇಳೆಯ ಪಾಲು

2024ರಲ್ಲಿ ಅದೇ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲರಿ ಬೇಕಾಗುವ ವಯಸ್ಕನ ದಿನದ ಊಟದ ಮಾದರಿಯಿದೆ. ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿ.ಲೀ., ಶೇಂಗಾದಂತಹ ಎಣ್ಣೆಕಾಳು 35 ಗ್ರಾಂ, ಎಣ್ಣೆ 27 ಗ್ರಾಂ. ಇದನ್ನು ನಮ್ಮ ಕಡೆಯ ಊಟದ ಪಕ್ಕದಲ್ಲಿಟ್ಟು ನೋಡಿದರೆ ಧಾನ್ಯ ಬಹಳ ಹೆಚ್ಚು, ಕಾಯಿಪಲ್ಯ ಬಹಳ ಕಡಿಮೆ ಎಂಬುದು ಕೂಡಲೇ ತಿಳಿಯುತ್ತದೆ. 250 ಗ್ರಾಂ ಧಾನ್ಯವೆಂದರೆ ದಿನಕ್ಕೆ ಎರಡು ದೊಡ್ಡ ರೊಟ್ಟಿ ಮತ್ತು ಒಂದು ಸಣ್ಣ ಬಟ್ಟಲು ಅನ್ನ. ಹೊಲದಲ್ಲಿ ದುಡಿಯದ ಹಿರಿಯರಿಗೆ, ಅಂಗಡಿಯಲ್ಲಿ ಕೂಡುವವರಿಗೆ ಇಷ್ಟು ಸಾಕು.

ಅಕ್ಕಿ ಇಲ್ಲಿಯ ಊಟದಲ್ಲಿ ಹಬ್ಬದ ವಸ್ತುವಾಗಿದ್ದ ಕಾಲವನ್ನು ಹಿರಿಯರು ಬಲ್ಲರು. 2013ರ ಜುಲೈನಲ್ಲಿ ಅನ್ನಭಾಗ್ಯ ಯೋಜನೆ ಪ್ರಾರಂಭವಾದ ಮೇಲೆ ಬಡ ಕುಟುಂಬಗಳ ಹಸಿವಿಗೆ ದೊಡ್ಡ ಆಸರೆ ಸಿಕ್ಕಿತು. ಈ ಮಾತನ್ನು ಅಲ್ಲಗಳೆಯುವಂತಿಲ್ಲ. ಆದರೆ ಜೋಳದ ಬದಲು ಅಕ್ಕಿ ಉಣ್ಣುವಾಗ ಕಳೆದುಹೋಗುವುದನ್ನು ಬೇರೆ ಕಡೆಯಿಂದ ತುಂಬಬೇಕು. ಮುನ್ನೂರು ಗ್ರಾಂ ಜೋಳದಲ್ಲಿ ಸುಮಾರು 31 ಗ್ರಾಂ ಸಸಾರಜನಕವಿದ್ದರೆ, ಅಷ್ಟೇ ಅಕ್ಕಿಯಲ್ಲಿ 20 ಗ್ರಾಂ ಮಾತ್ರ. ಈ 11 ಗ್ರಾಂ ಕೊರತೆಯನ್ನು ತುಂಬಲು 50 ಗ್ರಾಂ ತೊಗರಿಬೇಳೆ ಬೇಕು. ಅನ್ನ ಹೆಚ್ಚಾದ ಮನೆಯಲ್ಲಿ ಬೇಳೆಯೂ ಹೆಚ್ಚಾಗಬೇಕೆಂಬುದು ಇದರ ಅರ್ಥ. ತಿಳಿಸಾರು ಸುರಿದುಕೊಂಡರೆ ಬೇಳೆ ಉಂಡಂತಾಗುವುದಿಲ್ಲ. ಹೋಳಿಗೆಯ ದಿನದ ಕಟ್ಟಿನ ಸಾರಿನಲ್ಲಿ ರುಚಿ ಇದೆ, ಬೇಳೆ ಇರುವುದು ಹೋಳಿಗೆಯ ಹೂರಣದಲ್ಲಿ.

ರೊಟ್ಟಿ ಮತ್ತು ಬೇಳೆಯನ್ನು ಕೂಡಿಸಿ ಉಣ್ಣುವುದರಲ್ಲಿ ಇನ್ನೊಂದು ಲಾಭವಿದೆ. ಜೋಳದ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ತೊಗರಿಯಲ್ಲಿ ಅದು ಧಾರಾಳ. ತೊಗರಿಯಲ್ಲಿ ಕಡಿಮೆಯಿರುವ ಮೆಥಿಯೋನಿನ್ ಎಂಬ ಅಂಶವನ್ನು ಜೋಳ ಒದಗಿಸುತ್ತದೆ. ಒಂದೇ ಹೊಲದ ಎರಡು ಬೆಳೆಗಳು ಗಂಗಾಳದಲ್ಲಿಯೂ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ.

ಕಾಯಿಪಲ್ಯದ ಮಾತಿಗೆ ಬಂದರೆ, ಎಳ್ಳ ಅಮಾವಾಸ್ಯೆಯ ಚರಗದ ಊಟಕ್ಕಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ. ಸಜ್ಜೆಯ ರೊಟ್ಟಿ, ಕಡಬು. ಜೊತೆಗೆ ಹಸಿ ತೊಗರಿ, ಹಸಿ ಕಡಲೆ, ಅವರೆ, ಮೆಂತ್ಯ, ಬದನೆ, ಗಜ್ಜರಿ ಎಲ್ಲವೂ ಕೂಡಿದ ಭಜ್ಜಿ ಪಲ್ಯ. ಮಾರ್ಗಸೂಚಿಯಲ್ಲಿ ಹೇಳಿದ ಗಂಗಾಳ ಹೆಚ್ಚು ಕಡಿಮೆ ಇದೇ. ಆದರೆ ವರ್ಷದಲ್ಲಿ ಒಂದು ದಿನ! ಬೇಸಿಗೆ ಬಂದರೆ ಪಲ್ಯ ಮಾಯವಾಗಿ ರೊಟ್ಟಿಗೆ ಹಿಂಡಿಯೇ ಗತಿ. ಬಚ್ಚಲ ನೀರು ಹರಿಯುವಲ್ಲಿ ಎರಡು ನುಗ್ಗೆ ಗಿಡ, ಒಂದು ಲಿಂಬೆ, ನಾಲ್ಕು ಮಡಿ ರಾಜಗಿರಿ ಮತ್ತು ಪುಂಡಿ ಇದ್ದರೆ ಈ ಕೊರತೆ ಬಹುಮಟ್ಟಿಗೆ ನೀಗುತ್ತದೆ. ರಕ್ತಹೀನತೆಯಿರುವವರಿಗೆ ಲಿಂಬೆಯ ಉಪಯೋಗ ವಿಶೇಷ. ಜೋಳ, ಸಜ್ಜೆ, ಕಾಳುಗಳಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆ. ಊಟದಲ್ಲಿ ಲಿಂಬೆರಸ ಹಿಂಡಿಕೊಂಡರೆ ಅದು ಹೆಚ್ಚಾಗಿ ಹತ್ತುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಇದಕ್ಕೆ ವಿರುದ್ಧ ಪರಿಣಾಮ. ಊಟಕ್ಕೂ ಚಹಾಕ್ಕೂ ಒಂದು ತಾಸಾದರೂ ಅಂತರವಿರಬೇಕು.

ಲೆಕ್ಕಕ್ಕೆ ಬಾರದ ತಿನಿಸುಗಳು

ಚಹಾದ ವಿಷಯ ಬಂದದ್ದರಿಂದ ಇನ್ನೊಂದು ಲೆಕ್ಕ. ಒಂದು ಕಪ್ಪಿಗೆ ಎರಡು ಚಮಚ ಸಕ್ಕರೆಯೆಂದರೆ ಸುಮಾರು 10 ಗ್ರಾಂ. ದಿನಕ್ಕೆ ಆರು ಕಪ್ಪು ಕುಡಿಯುವವರು 60 ಗ್ರಾಂ ಸಕ್ಕರೆ ಉಂಡಂತಾಯಿತು. ಸಕ್ಕರೆಯನ್ನು ಬಿಟ್ಟು ಬೆಲ್ಲ ಹಿಡಿದರೆ ದೋಷವಿಲ್ಲವೆಂದು ತಿಳಿಯುವುದೂ ತಪ್ಪು. ಶಕ್ತಿಯ ಲೆಕ್ಕದಲ್ಲಿ ಎರಡೂ ಸರಿಸಮಾನ.

ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ನಮ್ಮ ಊಟದ ಉತ್ತಮ ಅಂಗಗಳು. (ದನಕ್ಕೂ ಹಿಂಡಿ, ಮನುಷ್ಯನಿಗೂ ಹಿಂಡಿ, ದನದ ಹಿಂಡಿಯನ್ನಷ್ಟೇ ಅಳೆದು ಇಡುತ್ತೇವೆ.) ಮೂವತ್ತು ಗ್ರಾಂ ಶೇಂಗಾದಲ್ಲಿ ಏಳೂವರೆ ಗ್ರಾಂ ಸಸಾರಜನಕವಿದೆ. ತೊಂದರೆ ಬರುವುದು ಅದರ ಮೇಲೆ ಸುರಿದುಕೊಳ್ಳುವ ಎಣ್ಣೆಯಿಂದ. ಎರಡು ದೊಡ್ಡ ಚಮಚ ಎಣ್ಣೆಯಾದರೆ ಅಲ್ಲಿಗೇ ಇಡೀ ದಿನದ ಎಣ್ಣೆಯ ಪಾಲು ಮುಗಿಯಿತು. ಒಗ್ಗರಣೆ, ಪಲ್ಯ, ಸಂಜೆಯ ಮಿರ್ಚಿ ಭಜಿ ಎಲ್ಲವೂ ಹೆಚ್ಚಿನದು. ಐದು ಜನರ ಮನೆಗೆ ತಿಂಗಳಿಗೆ ನಾಲ್ಕು ಕೆ.ಜಿ. ಎಣ್ಣೆ ಮೀರಬಾರದೆಂದು ಕಟ್ಟು ಹಾಕಿಕೊಳ್ಳಬಹುದು.

ಚಿಕ್ಕ ಮಕ್ಕಳ ವಿಷಯದಲ್ಲಿ ಮಾತ್ರ ಈ ಕಡಿತದ ಮಾತು ಸಲ್ಲದು. ಎರಡು ಮೂರು ವರ್ಷದ ಮಗುವಿನ ಹೊಟ್ಟೆ ಚಿಕ್ಕದು. ದೊಡ್ಡವರಂತೆ ಎರಡು ಹೊತ್ತು ಉಣಿಸಿದರೆ ಸಾಲದು. ರೊಟ್ಟಿಯನ್ನು ಗಟ್ಟಿ ಬೇಳೆಯಲ್ಲಿ ಮುರಿದು ನೆನೆಸಿ, ತುಸು ತುಪ್ಪ ಅಥವಾ ಎಣ್ಣೆ ಹಾಕಿ, ದಿನಕ್ಕೆ ನಾಲ್ಕೈದು ಸಲ ಕೊಡಬೇಕು. ಅಂಗಡಿಯ ಪೊಟ್ಟಣದ ಕುರುಕಲು ಕೈಗಿಟ್ಟರೆ ಮಗು ಅಳು ನಿಲ್ಲಿಸುತ್ತದೆ, ಊಟವನ್ನೂ ನಿಲ್ಲಿಸುತ್ತದೆ. 2021ರ ಡಿಸೆಂಬರಿನಿಂದ ಕಲಬುರಗಿಯೂ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮಕ್ಕಳಿಗೆ ಮೊಟ್ಟೆ, ಮೊಟ್ಟೆ ಉಣ್ಣದವರಿಗೆ ಬಾಳೆಹಣ್ಣು ಕೊಡುವುದನ್ನು ಪ್ರಾರಂಭಿಸಿದ್ದು ಈ ಭಾಗದ ಮಕ್ಕಳ ಅಪೌಷ್ಟಿಕತೆಯನ್ನು ನೋಡಿಯೇ.

ರಾಶಿಯ ದಿನವೇ ಲೆಕ್ಕ ಹಾಕಬೇಕು

ಗಂಗಾಳದಲ್ಲಿ ಬೇಳೆ ಇರುವುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಅಡುಗೆಮನೆಯಲ್ಲಲ್ಲ, ಕಣದಲ್ಲಿ. ರಾಶಿಯಾದ ತೊಗರಿಯೆಲ್ಲ ಸಾಲ ತೀರಿಸಲು ಅಡತಿ ಅಂಗಡಿಗೆ ಹೋಗುತ್ತದೆ. ಮುಂದೆ ನಾಲ್ಕು ತಿಂಗಳಿಗೆ ಅದೇ ರೈತ ಕಿರಾಣಿ ಅಂಗಡಿಯಲ್ಲಿ ಪಾವು ಕೆ.ಜಿ. ಲೆಕ್ಕದಲ್ಲಿ ಬೇಳೆ ಕೊಳ್ಳುತ್ತಾನೆ. ದರ ಏರಿದಾಗ ಮೊದಲು ತೆಳ್ಳಗಾಗುವುದು ಮನೆಯ ಸಾರು.

ಇಬ್ಬರು ದುಡಿಯುವವರು, ಒಬ್ಬ ಹಿರಿಯರು, ಇಬ್ಬರು ಮಕ್ಕಳಿರುವ ಮನೆಯಲ್ಲಿ ತಲೆಗೆ ಸರಾಸರಿ 60 ಗ್ರಾಂ ಹಿಡಿದರೂ ದಿನಕ್ಕೆ 300 ಗ್ರಾಂ, ವರ್ಷಕ್ಕೆ ಸುಮಾರು 110 ಕೆ.ಜಿ. ಬೇಳೆಕಾಳು ಬೇಕು. ಅದರಲ್ಲಿ ಮೂರನೇ ಒಂದು ಪಾಲು ಹೆಸರು, ಕಡಲೆ, ಅಲಸಂದಿಯಾದರೆ ತೊಗರಿಬೇಳೆ ಸುಮಾರು 73 ಕೆ.ಜಿ. ಒಂದು ಕ್ವಿಂಟಲ್ ತೊಗರಿಯಿಂದ 65ರಿಂದ 70 ಕೆ.ಜಿ. ಬೇಳೆ ಬರುವುದರಿಂದ, ಮನೆಗೆಂದು ಒಂದು ಕ್ವಿಂಟಲಿಗಿಂತ ಹತ್ತು ಕೆ.ಜಿ. ಹೆಚ್ಚು ತೊಗರಿಯನ್ನು ಮಾರದೆ ಉಳಿಸಬೇಕು. ಪಡಿತರದ ಅಕ್ಕಿಯನ್ನು ಕಳೆದು ಜೋಳ ಮೂರೂವರೆಯಿಂದ ನಾಲ್ಕು ಕ್ವಿಂಟಲ್. ಬೀಜಕ್ಕೆಂದು ತೆಗೆದಿಡುವ ಹಾಗೆಯೇ ಇದನ್ನೂ ಚೀಲದ ಮೇಲೆ ಗುರುತು ಹಾಕಿ ಬೇರೆ ಇಡುವುದು ಒಳ್ಳೆಯದು.

ಹೀಗೆ ಉಳಿಸಿದ ತೊಗರಿಗೆ ದುಂಬಿಯ ಕಾಟ ಬಹಳ. ಹಲ್ಲಿನಲ್ಲಿ ಕಡಿದಾಗ ಕಟ್ಟನೆ ಒಡೆಯುವಷ್ಟು ಬಿಸಿಲಲ್ಲಿ ಒಣಗಿಸಿ, ಆರಿದ ಮೇಲೆ ಚೀಲ ತುಂಬಬೇಕು. ದುಂಬಿ ಮೊಟ್ಟೆಯಿಡುವುದು ಇಡಿ ಕಾಳಿನ ಮೇಲೆ. ಆದುದರಿಂದ ಮೂರು ನಾಲ್ಕು ತಿಂಗಳಿಗೆ ಬೇಕಾದಷ್ಟನ್ನು ಮೊದಲೇ ಬೇಳೆ ಮಾಡಿಸಿಟ್ಟರೆ ಹಾನಿ ಕಡಿಮೆ. ಇಡಿ ಕಾಳಾಗಿ ಇಡುವುದಕ್ಕೆ ಕೆ.ಜಿ.ಗೆ 5 ಮಿ.ಲೀ. ಪ್ರಮಾಣದಲ್ಲಿ ಅಡುಗೆ ಎಣ್ಣೆ ಸವರಬೇಕು. ಕ್ವಿಂಟಲಿಗೆ ಅರ್ಧ ಲೀಟರ್ ಆಗುತ್ತದೆ. ಕಾಳನ್ನು ತಾಡಪತ್ರಿಯ ಮೇಲೆ ಹರವಿ, ಎಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಚಿಮುಕಿಸುತ್ತ ಎಲ್ಲ ಕಾಳಿಗೂ ಹತ್ತುವಂತೆ ಕೈಯಿಂದ ತಿಕ್ಕಿ, ಚೀಲವನ್ನು ಗೋಡೆಗೆ ತಾಗದಂತೆ ಹಲಗೆಯ ಮೇಲೆ ಇಡಬೇಕು.